‘ಗುಡ್ ಟೈಮ್ಸ್’ ಹಳ್ಳ ಹಿಡಿದದ್ದು ಯಾವಾಗ?

(ಕಿರುತೆರೆಗೆ ಬರೆಯುವವರ, ಬರೆಯಲು ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಪ್ರಶ್ನೋತ್ತರದಲ್ಲಿ ಮುಖ್ಯವಾದದ್ದನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಪ್ಪತ್ತರ ದಶಕದ ಟಿವಿ ನೋಡಿ ಬೆಳೆದ ನಾಲ್ಕು ಜನ ಅಮೆರಿಕನ್ನರು ಕೂತಿರುವ ಕಡೆ ‘ಗುಡ್ ಟೈಮ್ಸ್’ ಎಂದು ಹೆಸರೆತ್ತಿ ನೋಡಿ. ಸ್ವಲ್ಪ ಹೊತ್ತಿಗೆಲ್ಲ ವಾದ ಹತ್ತಿಕೊಳ್ಳುತ್ತದೆ. ಒಂದು ಕಾಲಕ್ಕೆ ಚೆನ್ನಾಗಿತ್ತು ಎಂಬುದರಲ್ಲಿ ಹೆಚ್ಚಿನವರಿಗೆ ತಕರಾರಿಲ್ಲ. ಕೆಟ್ಟದ್ದು ಯಾವಾಗ ಎಂಬುದೇ ಜಗಳ. ಅಪ್ಪ ಸತ್ತಾಗ ಎನ್ನುತ್ತಾರೆ ಒಬ್ಬರು. ಅಪ್ಪ ಹೋದರೂ ತಡೆದುಕೊಂಡಿತ್ತು, ಅಮ್ಮ ಬಿಟ್ಟು ಹೋದಳಲ್ಲ, ಆಗ ಮುಗಿಯಿತು ಎನ್ನುತ್ತಾರೆ ಇನ್ನೊಬ್ಬರು. ಪಕ್ಕದ ಮನೆಗೆ ದತ್ತುಮಗಳನ್ನು ತಂದಾಗ, ಮಗಳಿಗೆ ಅವಸರದಲ್ಲಿ ಮದುವೆ ಮಾಡಿದಾಗ, ಹೀಗೆ ಪಟ್ಟಿ ಬೆಳೆಯುತ್ತದೆ. ಒಬ್ಬೊಬ್ಬರೂ ಒಂದೊಂದು ಕಂತಿನ ಮೇಲೆ ಬೆರಳಿಡುತ್ತಾರೆ.

ಇವರೆಲ್ಲರೂ ತಡವಾದ ದಿನಾಂಕವನ್ನೇ ಹೇಳುತ್ತಿದ್ದಾರೆ ಎಂಬುದು ನನ್ನ ವಾದ. ಧಾರಾವಾಹಿ ಇಳಿಯತೊಡಗಿದ್ದು ಅದು ಅತಿ ಹೆಚ್ಚು ಜನಪ್ರಿಯವಾಗಿದ್ದ ವರ್ಷದಲ್ಲೇ. ಆಗ ಅದನ್ನು ಗಮನಿಸಿದವರು ಪ್ರೇಕ್ಷಕರಲ್ಲ, ಅದರೊಳಗೆ ಪಾತ್ರ ಮಾಡುತ್ತಿದ್ದ ಇಬ್ಬರು ನಟರು.

ನೋಡದವರಿಗಾಗಿ ಒಂದಿಷ್ಟು ಹಿನ್ನೆಲೆ. 1974ರ ಫೆಬ್ರವರಿ 8ರಂದು ಸಿಬಿಎಸ್ ವಾಹಿನಿಯಲ್ಲಿ ಶುರುವಾಗಿ 1979ರ ಆಗಸ್ಟ್‌ನಲ್ಲಿ ಮುಗಿದ, ಆರು ಸೀಸನ್‌ಗಳ ಸಿಟ್‌ಕಾಂ, ಅಂದರೆ ಹಾಸ್ಯ ಧಾರಾವಾಹಿ ಇದು. ಷಿಕಾಗೋದ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ಕಟ್ಟಡದಲ್ಲಿ ಒಂದು ಫ್ಲಾಟು. ಕಥೆಯಲ್ಲಿ ಜಾಗದ ಹೆಸರು ಹೇಳುವುದಿಲ್ಲ, ಆದರೆ ಶೀರ್ಷಿಕೆ ಓಡುವಾಗ ತೆರೆಯ ಮೇಲೆ ಬರುವುದು ಅಲ್ಲಿನ ಕ್ಯಾಬ್ರಿನಿ–ಗ್ರೀನ್ ಎಂಬ ನಿಜವಾದ ವಸತಿ ಸಂಕೀರ್ಣ. ಅಪ್ಪ ಜೇಮ್ಸ್ ಇವಾನ್ಸ್ ಆಗಿ ಜಾನ್ ಏಮೊಸ್, ಅಮ್ಮ ಫ್ಲಾರಿಡಾ ಆಗಿ ಎಸ್ತರ್ ರೋಲ್. ದೊಡ್ಡ ಮಗ ಜೆ.ಜೆ., ಮಗಳು ತೆಲ್ಮಾ, ಸದಾ ಹೋರಾಟದ ಮಾತಾಡುವ ಚಿಕ್ಕವನು ಮೈಕಲ್. ಪಕ್ಕದ ಮನೆಯಲ್ಲಿ ಬಾಯಿಬಡುಕಿ ಗೆಳತಿ ವಿಲೋನಾ. ನಿರ್ಮಾಪಕ ನಾರ್ಮನ್ ಲಿಯರ್ ಬಿಳಿಯ. ಕಲ್ಪನೆ ಎರಿಕ್ ಮೊಂಟೆ ಮತ್ತು ಮೈಕ್ ಇವಾನ್ಸ್ ಎಂಬ ಇಬ್ಬರು ಕಪ್ಪು ಬರಹಗಾರರದು. ಮೊಂಟೆ ಬೆಳೆದದ್ದೇ ಕ್ಯಾಬ್ರಿನಿ–ಗ್ರೀನ್‌ನಲ್ಲಿ.

ಫ್ಲಾರಿಡಾ ಮೊದಲು ಕಾಣಿಸಿಕೊಂಡದ್ದು ‘ಮೋಡ್’ ಎಂಬ ಇನ್ನೊಂದು ಧಾರಾವಾಹಿಯಲ್ಲಿ, ಬಿಳಿಯರ ಮನೆಯ ಕೆಲಸದಾಕೆಯಾಗಿ. ಆ ಪಾತ್ರಕ್ಕೇ ಬೇರೆ ಧಾರಾವಾಹಿ ಮಾಡೋಣ ಎಂದಾಗ, ಮೊದಲ ಆಲೋಚನೆ ಗಂಡನಿಲ್ಲದೆ ಮಕ್ಕಳನ್ನು ಸಾಕುವ ತಾಯಿಯದ್ದಾಗಿತ್ತು. ಎಸ್ತರ್ ರೋಲ್ ಒಪ್ಪಲಿಲ್ಲ. ಮನೆಯಲ್ಲಿ ಅಪ್ಪ ಇದ್ದರೆ ಮಾತ್ರ ಮಾಡುತ್ತೇನೆ ಎಂದರು. ಆಗಿನ ಕಾಲಕ್ಕೆ ಇದು ಸಣ್ಣ ಹಟವಾಗಿರಲಿಲ್ಲ. ಕಪ್ಪು ಕುಟುಂಬಗಳ ಬಗ್ಗೆ ಸರ್ಕಾರದ 1965ರ ಮೊಯ್ನಿಹನ್ ವರದಿ ಬಂದಾಗಿನಿಂದ ಕಪ್ಪು ಕುಟುಂಬವೆಂದರೆ ಅಪ್ಪನಿಲ್ಲದ ಕುಟುಂಬ ಎಂಬ ಮಾತು ಪತ್ರಿಕೆಗಳಲ್ಲಿ, ರಾಜಕಾರಣಿಗಳ ಬಾಯಲ್ಲಿ ಓಡಾಡುತ್ತಲೇ ಇತ್ತು. ಅಪ್ಪ, ಅಮ್ಮ ಇಬ್ಬರೂ ಇರುವ ಕಪ್ಪು ಮನೆಯೊಂದು ಪ್ರತಿ ವಾರ ದೇಶದ ನಡುಮನೆಗೆ ಬರಲಿ ಎಂದು ಆಕೆ ಕೂತಳು. ಹಾಗಾಗಿ ಜೇಮ್ಸ್ ಎಂಬ ಪಾತ್ರವೇ ಒಬ್ಬ ನಟಿಯ ಷರತ್ತಿನಿಂದ ಹುಟ್ಟಿದ್ದು. ಮುಂದಿನ ಕಥೆ ಅರ್ಥವಾಗಬೇಕಾದರೆ ಇದು ನೆನಪಿನಲ್ಲಿರಬೇಕು. ಇನ್ನೊಂದು ತಮಾಷೆ: ಗಂಡನಾದ ಏಮೊಸ್ ಹೆಂಡತಿಯಾದ ರೋಲ್‌ಗಿಂತ 19 ವರ್ಷ ಚಿಕ್ಕವರು. ಮಗ ಜೆ.ಜೆ. ಆದ ಜಿಮ್ಮಿ ವಾಕರ್‌ಗೂ ಅಪ್ಪನಿಗೂ ಎಂಟು ವರ್ಷದ ಅಂತರವೂ ಇರಲಿಲ್ಲ. ಆದರೂ ತೆರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಟನೆ ಅಂದರೆ ಅದು.

ಮೊದಲ ಸೀಸನ್ ಏನು ಮಾಡಿತು ನೋಡಿ. ಶಾಲೆಯಲ್ಲಿ ಜಾರ್ಜ್ ವಾಷಿಂಗ್ಟನ್ ಜನಾಂಗೀಯವಾದಿ ಎಂದು ಹೇಳಿದ ತಪ್ಪಿಗೆ ಮೈಕಲ್‌ನನ್ನು ಮನೆಗೆ ಕಳಿಸುತ್ತಾರೆ. ಜೆ.ಜೆ. ಬೀದಿಯ ಕುಡುಕನೊಬ್ಬನನ್ನು ಎದುರಿಗಿಟ್ಟುಕೊಂಡು ಕಪ್ಪು ಏಸುವಿನ ಚಿತ್ರ ಬರೆಯುತ್ತಾನೆ. ಜೇಮ್ಸ್ ಕೆಲಸದ ತರಬೇತಿಗೆ ಹೋದರೆ ವಯಸ್ಸು ಮೀರಿದೆ ಎಂದು ವಾಪಸ್ ಅಟ್ಟುತ್ತಾರೆ. ಎರಡನೇ ಸೀಸನ್ನಿನ ಐಕ್ಯೂ ಪರೀಕ್ಷೆಯ ಕಂತು ನನಗೆ ಎಲ್ಲಕ್ಕಿಂತ ಇಷ್ಟ. ಮೈಕಲ್ ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಾನೆ, ಅಪ್ಪ ಕೆಂಡವಾಗಿದ್ದಾನೆ. ಹುಡುಗ ಒಂದು ಪ್ರಶ್ನೆ ಹೇಳುತ್ತಾನೆ: ‘ಕಪ್’ ಎಂಬುದರ ಜೊತೆ ಯಾವ ಪದ ಹೊಂದುತ್ತದೆ? ಕೊಟ್ಟ ಪದಗಳಲ್ಲಿ ಸಾಸರ್ ಇದೆ, ಟೇಬಲ್ಲೂ ಇದೆ. ಅವನ ಗೆಳೆಯ ಟೇಬಲ್ ಎಂದು ಬರೆದ. ಯಾಕೆ? ಅವರ ಮನೆಯಲ್ಲಿ ಕಪ್ಪಿನ ಕೆಳಗಿಡಲು ಸಾಸರ್ ಇಲ್ಲ. ಪ್ರೇಕ್ಷಕರು ನಗುತ್ತಾರೆ, ನಗು ಮುಗಿಯುವಷ್ಟರಲ್ಲಿ ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಬರೆಯುವವರು ನೀವು, ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ಕೆಲಸ ಮಾಡಿಸುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು.

ಈಗ ‘ಅಪ್ಪ ಸತ್ತಾಗ’ ಎನ್ನುವವರ ಕಡೆ ಬರೋಣ. ಇವರ ಪಕ್ಷ ದೊಡ್ಡದು, ಸಾಕ್ಷಿಯೂ ಗಟ್ಟಿ. 1976ರ ಸೆಪ್ಟೆಂಬರ್, ನಾಲ್ಕನೇ ಸೀಸನ್ನಿನ ಆರಂಭ. ಜೇಮ್ಸ್‌ಗೆ ಮಿಸಿಸಿಪ್ಪಿಯಲ್ಲಿ ಗ್ಯಾರೇಜಿನ ಕೆಲಸ ಸಿಕ್ಕಿದೆ, ಕುಟುಂಬ ಗಂಟುಮೂಟೆ ಕಟ್ಟುತ್ತಿದೆ. ಆಗ ತಂತಿ ಬರುತ್ತದೆ: ಕಾರು ಅಪಘಾತದಲ್ಲಿ ಜೇಮ್ಸ್ ಸತ್ತ. ಮುಂದಿನ ಕಂತಿನಲ್ಲಿ ಅಂತ್ಯಕ್ರಿಯೆ ಮುಗಿಸಿ ಬಂದವರು ಮನೆ ತುಂಬಿದ್ದಾರೆ. ಫ್ಲಾರಿಡಾ ಅಳುವುದೇ ಇಲ್ಲ. ಎಲ್ಲರನ್ನೂ ಉಪಚರಿಸುತ್ತಾಳೆ, ಮಾತಾಡಿಸುತ್ತಾಳೆ. ಅಮ್ಮನಿಗೆ ದುಃಖವೇ ಇಲ್ಲವೇ ಎಂದು ಮಕ್ಕಳಿಗೇ ಸಿಟ್ಟು. ಜನ ಹೋದ ಮೇಲೆ ಪಾತ್ರೆ ಎತ್ತಿಡುತ್ತಿರುತ್ತಾಳೆ. ಕೈಯಲ್ಲಿ ಗಾಜಿನ ದೊಡ್ಡ ಬಟ್ಟಲು. ಒಂದು ಕ್ಷಣ ನಿಲ್ಲುತ್ತಾಳೆ, ಬಟ್ಟಲನ್ನು ನೆಲಕ್ಕೆ ಅಪ್ಪಳಿಸುತ್ತಾಳೆ, ‘ಡ್ಯಾಮ್, ಡ್ಯಾಮ್, ಡ್ಯಾಮ್’ ಎಂದು ಚೀರುತ್ತಾಳೆ. ಐವತ್ತು ವರ್ಷವಾದರೂ ಅಮೆರಿಕದ ಜನ ಈ ದೃಶ್ಯವನ್ನು ಬಿಟ್ಟಿಲ್ಲ. ಅಷ್ಟು ಅನುಕರಿಸಿದ್ದಾರೆ, ಅಷ್ಟು ಗೇಲಿ ಮಾಡಿದ್ದಾರೆ, ಅಷ್ಟು ಅತ್ತಿದ್ದಾರೆ.

ಆದರೆ ರೇಟಿಂಗ್ ಏನು ಹೇಳುತ್ತದೆ? ಮೊದಲ ಸೀಸನ್ ದೇಶದಲ್ಲಿ 17ನೇ ಸ್ಥಾನ. ಎರಡನೆಯದು, ಅಂದರೆ 1974–75, ಏಳನೇ ಸ್ಥಾನ. ಮೂರನೆಯದು 24ಕ್ಕೆ ಬಿತ್ತು. ನಾಲ್ಕನೆಯದು 26. ಲೆಕ್ಕ ನೋಡಿ: ದೊಡ್ಡ ಕುಸಿತವಾದದ್ದು ಜೇಮ್ಸ್ ಬದುಕಿದ್ದಾಗ, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದಾಗ. ಅವನು ಸತ್ತ ವರ್ಷ ಇಳಿದದ್ದು ಎರಡೇ ಮೆಟ್ಟಿಲು. ರೇಟಿಂಗ್ ಅಂದರೆ ಗುಣಮಟ್ಟ ಅಲ್ಲ ಅಂತೀರಿ, ಒಪ್ಪಿದೆ. ನಮ್ಮ ಟಿಆರ್‌ಪಿ ಕಂಡವರಿಗೆ ಅದನ್ನು ಬೇರೆ ಹೇಳಬೇಕಿಲ್ಲ. ಆದರೂ ಮೂರನೇ ಸೀಸನ್‌ನಲ್ಲಿ ಏನಾಯಿತು ಎಂಬ ಪ್ರಶ್ನೆ ಉಳಿಯುತ್ತದೆ.

ಉತ್ತರದ ಒಂದು ತುಂಡು ಎದುರು ವಾಹಿನಿಯಲ್ಲಿದೆ. 1974ರ ಶರತ್ಕಾಲದಲ್ಲಿ ‘ಗುಡ್ ಟೈಮ್ಸ್’ ಮಂಗಳವಾರ ರಾತ್ರಿ ಎಂಟಕ್ಕೆ ಬಂತು. ಅದೇ ಹೊತ್ತಿಗೆ ಎಬಿಸಿಯಲ್ಲಿ ‘ಹ್ಯಾಪಿ ಡೇಸ್’, ಐವತ್ತರ ದಶಕದ ಬಿಳಿಯ ಕುಟುಂಬವೊಂದರ ಹಾಸ್ಯ. ಆ ವರ್ಷ ‘ಗುಡ್ ಟೈಮ್ಸ್’ ಅದನ್ನು ಹೊಡೆದು ಮಲಗಿಸಿತು. ಇಲ್ಲಿ ಜೆ.ಜೆ. ತೆಳ್ಳಗೆ ಉದ್ದಕ್ಕೆ ನಿಂತು, ಟೋಪಿ ಸರಿಮಾಡಿಕೊಂಡು, ಹಲ್ಲು ಕಿರಿದು ‘ಡೈನೊಮೈಟ್!’ ಎನ್ನುತ್ತಿದ್ದ, ಸ್ಟುಡಿಯೋ ಚಪ್ಪಾಳೆಯಿಂದ ನಡುಗುತ್ತಿತ್ತು. ಎದುರಿನವರು ಪಾಠ ಕಲಿತರು. 1975ರಲ್ಲಿ ಅವರೂ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸತೊಡಗಿದರು, ಬದಿಯಲ್ಲಿದ್ದ ಫಾಂಜಿ ಎಂಬ ಲೆದರ್ ಜಾಕೆಟ್ಟಿನ ಪಾತ್ರವನ್ನು ನಡುವಿಗೆ ತಂದು ಅವನಿಗೂ ಒಂದು ‘ಏಯ್’ ಕೊಟ್ಟರು. 1976–77ರ ಹೊತ್ತಿಗೆ ‘ಹ್ಯಾಪಿ ಡೇಸ್’ ದೇಶಕ್ಕೇ ನಂಬರ್ ಒನ್. ಇದೇ ಫಾಂಜಿ 1977ರಲ್ಲಿ ನೀರಿನ ಮೇಲೆ ಜಾರುತ್ತ ಶಾರ್ಕ್ ಮೀನೊಂದನ್ನು ಹಾರಿದ, ಧಾರಾವಾಹಿ ಕೆಡುವುದಕ್ಕೆ ಅಮೆರಿಕನ್ನರು ಇವತ್ತಿಗೂ ಕೊಡುವ ಉದಾಹರಣೆ ಅದೇ. ಜೆ.ಜೆ.ಗೆ ಪೈಪೋಟಿ ಕೊಡಲು ದೊಡ್ಡದಾದ ಪಾತ್ರ ತನ್ನ ಮನೆಯನ್ನೂ ಕೆಡಿಸಿತು. ಅದರ ಬಗ್ಗೆ ಬೇರೆಯವರು ಮಾತಾಡಲಿ.

ನಾವು ‘ಡೈನೊಮೈಟ್’ ವಿಷಯಕ್ಕೆ ಬರೋಣ. ಆ ಮಾತನ್ನು ಪ್ರತಿ ಕಂತಿನಲ್ಲೂ ಹೇಳಿಸಬೇಕು ಎಂದು ಹಟ ಹಿಡಿದವರು ನಿರ್ದೇಶಕ ಜಾನ್ ರಿಚ್. ಲಿಯರ್‌ಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಜನ ಒಪ್ಪಿಕೊಂಡ ಮೇಲೆ ಕೇಳುವವರು ಯಾರು? ಬರಹಗಾರರ ಕೋಣೆಯಲ್ಲಿ ಆಮೇಲೆ ಏನಾಗುತ್ತದೆ ಎಂದು ಯೋಚಿಸಿ. ಒಂದು ಕಂತೆಂದರೆ ಇಪ್ಪತ್ತನಾಲ್ಕು, ಇಪ್ಪತ್ತೈದು ನಿಮಿಷ. ಖಚಿತವಾಗಿ ಚಪ್ಪಾಳೆ ಬೀಳುವ ಜಾಗವೊಂದು ಸಿಕ್ಕಿದೆ. ಅದಕ್ಕೆ ಮೊದಲು ಬಿಲ್ಡಪ್ ಬೇಕು, ಆಮೇಲೆ ಚಪ್ಪಾಳೆ ಇಳಿಯುವ ತನಕ ಉಳಿದವರು ಬಾಯಿ ಮುಚ್ಚಿ ನಿಲ್ಲಬೇಕು. ಅಪ್ಪ ಗಂಭೀರವಾಗಿ ಏನೋ ಹೇಳುತ್ತಿದ್ದರೆ ಅದನ್ನು ತುಂಡರಿಸಿ ಮಗ ಒಳಬರುತ್ತಾನೆ, ಯಾಕೆಂದರೆ ಗಂಭೀರ ಮಾತು ತುಂಡಾದಷ್ಟೂ ನಗು ಜೋರು. ಕ್ರಮೇಣ ಅಪ್ಪನ ಮಾತುಗಳೇ ಮಗನ ಎಂಟ್ರಿಗೆ ಏಣಿಯಾಗುತ್ತವೆ. ಯಾರೂ ಕೂತು ‘ಅಪ್ಪನನ್ನು ಸಣ್ಣವನನ್ನಾಗಿ ಮಾಡೋಣ’ ಎಂದು ತೀರ್ಮಾನಿಸುವುದಿಲ್ಲ. ವಾರಕ್ಕೊಂದು ಸಾಲು ಕದಲುತ್ತದೆ ಅಷ್ಟೆ. ಒಗ್ಗರಣೆ ಘಮ ಬಂತೆಂದು ಮತ್ತೆ ಮತ್ತೆ ಒಗ್ಗರಣೆ ಹಾಕುತ್ತ ಹೋದವರಿಗೆ ಸಾರಿನ ನೆನಪಾಗುವಾಗ ಪಾತ್ರೆಯಲ್ಲಿ ಬರೀ ಎಣ್ಣೆ ಇರುತ್ತದೆ.

ಇದನ್ನು ಮೊದಲು ಗುರುತಿಸಿದವರು ರೋಲ್ ಮತ್ತು ಏಮೊಸ್. 1975ರಲ್ಲಿ, ಧಾರಾವಾಹಿ ಏಳನೇ ಸ್ಥಾನದ ಬಿಸಿಯಲ್ಲಿದ್ದಾಗಲೇ, ‘ಎಬೊನಿ’ ಪತ್ರಿಕೆಯ ಮುಂದೆ ರೋಲ್ ತನ್ನದೇ ಧಾರಾವಾಹಿಯ ಮಗನ ಪಾತ್ರವನ್ನು ಬಹಿರಂಗವಾಗಿ ಟೀಕಿಸಿದರು. ಹದಿನೆಂಟರ ಹುಡುಗ, ಕೆಲಸವಿಲ್ಲ, ಓದು ಬರಹವಿಲ್ಲ, ವಿಚಾರವಿಲ್ಲ. ಕಪ್ಪು ಮಕ್ಕಳು ಇವನನ್ನು ನೋಡಿ ಕಲಿಯಬೇಕಾದದ್ದು ಏನು ಎಂಬುದು ಆಕೆಯ ದೂರು. ಏಮೊಸ್ ಇನ್ನೂ ಬಿರುಸು. ಮಗಳು ತೆಲ್ಮಾ ಶಸ್ತ್ರಚಿಕಿತ್ಸಕಿಯಾಗಬೇಕು ಎನ್ನುತ್ತಾಳೆ, ಮೈಕಲ್‌ಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗುವ ಆಸೆ. ಆ ಇಬ್ಬರ ಕಥೆ ಬರೆಯಿರಿ ಎಂದರೆ ನೀವು ದೊಡ್ಡವನ ತಲೆಗೆ ಹೊಸ ಟೋಪಿ ಹುಡುಕುತ್ತೀರಿ ಎಂದು ಬರಹಗಾರರ ಮೇಲೆ ಹರಿಹಾಯುತ್ತಿದ್ದರು. ಆ ಬರಹಗಾರರಲ್ಲಿ ಹೆಚ್ಚಿನವರು ಬಿಳಿಯರು. ಕಪ್ಪು ಅಪ್ಪ ಮನೆಯಲ್ಲಿ ಹೇಗೆ ಮಾತಾಡುತ್ತಾನೆ ಎಂದು ಏಮೊಸ್‌ಗೆ ಅವರು ಹೇಳಿಕೊಡುವ ಪರಿಸ್ಥಿತಿ. ಜಗಳ ಹೊಡೆದಾಟದ ಮಾತಿಗೂ ಹೋಯಿತು, ತಾನು ಆಗ ನಯವಾಗಿ ನಡೆದುಕೊಳ್ಳಲಿಲ್ಲ ಎಂದು ಮುಂದೆ ಏಮೊಸ್ ತಾವೇ ಹೇಳಿಕೊಂಡರು. ಮೂರನೇ ಸೀಸನ್ ಆದ ಮೇಲೆ ಅವರನ್ನು ತೆಗೆದುಹಾಕಿದರು. ನಷ್ಟ ಅವರಿಗಾಗಲಿಲ್ಲ. 1977ರ ಜನವರಿಯಲ್ಲಿ, ಗುಲಾಮಗಿರಿಯ ಕಥೆ ಹೇಳುವ ‘ರೂಟ್ಸ್’ ಧಾರಾವಾಹಿಯಲ್ಲಿ ಪ್ರಾಯಕ್ಕೆ ಬಂದ ಕುಂಟಾ ಕಿಂಟೆಯಾಗಿ ಇಡೀ ದೇಶದ ಮುಂದೆ ನಿಂತರು.

ಅಂದರೆ ಜೇಮ್ಸ್‌ನ ಸಾವು ಕಾರಣವಲ್ಲ, ಫಲ. ಬಟ್ಟಲು ಒಡೆಯುವ ಕಂತು ಅಷ್ಟು ಅದ್ಭುತವಾಗಿ ಬಂದಿರುವುದಕ್ಕೂ ಇದೇ ಕಾರಣ ಎಂದು ನನ್ನ ಗುಮಾನಿ: ಎಸ್ತರ್ ರೋಲ್ ಹಟ ಹಿಡಿದು ತಂದ ಅಪ್ಪನನ್ನು ಅವರ ಕಣ್ಣೆದುರೇ ಹೂತರು. ಆ ಚೀರಾಟದಲ್ಲಿ ಫ್ಲಾರಿಡಾ ಎಷ್ಟು, ರೋಲ್ ಎಷ್ಟು ಎಂದು ಬಿಡಿಸುವುದು ಕಷ್ಟ.

ಜೆ.ಜೆ.ಯ ಪರವಾಗಿಯೂ ಒಂದು ಮಾತು ಆಡಬೇಕು, ಯಾಕೆಂದರೆ ಈ ವಾದದಲ್ಲಿ ಎಲ್ಲರೂ ಅವನ ಮೇಲೆಯೇ ಗೂಬೆ ಕೂರಿಸುತ್ತಾರೆ. ಅವನು ಚಿತ್ರಕಾರ ಎಂಬುದನ್ನು ಜನ ಮರೆತೇಬಿಟ್ಟಿದ್ದಾರೆ. ಧಾರಾವಾಹಿಯಲ್ಲಿ ಅವನದೆಂದು ತೋರಿಸುವ ಚಿತ್ರಗಳು ಅರ್ನಿ ಬಾರ್ನ್ಸ್ ಎಂಬ ಕಲಾವಿದನವು. ಈತ ಮೊದಲು ವೃತ್ತಿಪರ ಫುಟ್‌ಬಾಲ್ ಆಟಗಾರ, ಆಮೇಲೆ ಚಿತ್ರಕಾರ. ಹೆಸರುಗಳು ಓಡುವಾಗ ಹಿಂದೆ ಕಾಣಿಸುತ್ತಿದ್ದ ‘ಶುಗರ್ ಶ್ಯಾಕ್’ ಎಂಬ ಚಿತ್ರ, ಕಿಕ್ಕಿರಿದ ಸಭಾಂಗಣದಲ್ಲಿ ಮೈಮರೆತು ಕುಣಿಯುವ ಉದ್ದುದ್ದ ಕೈಕಾಲಿನ ಜನರದ್ದು, 2022ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1.5 ಕೋಟಿ ಡಾಲರಿಗೂ ಮೇಲೆ ಹೋಯಿತು. ಅಂದಾಜು ಬೆಲೆ ಎರಡು ಲಕ್ಷ ಡಾಲರ್ ಮೀರಿರಲಿಲ್ಲ. ಕೊಂಡವರು ಅದನ್ನು ಮೊದಲು ನೋಡಿದ್ದು ಬಾಲ್ಯದಲ್ಲಿ, ಇದೇ ಧಾರಾವಾಹಿಯಲ್ಲಿ. ಮನೆಯಲ್ಲಿ ಬಡತನ, ಕೈಯಲ್ಲಿ ಕುಂಚ, ಅಪ್ಪನಿಗೆ ಮಗನ ಕಲೆಯ ಬಗ್ಗೆ ಹೆಮ್ಮೆಯೂ ಆತಂಕವೂ. ಎಂಥಾ ಪಾತ್ರ ಅದು! ಜಿಮ್ಮಿ ವಾಕರ್ ಅದನ್ನು ಮಾಡಬಲ್ಲವರಾಗಿದ್ದರು ಎಂಬುದಕ್ಕೆ ಕಪ್ಪು ಏಸುವಿನ ಕಂತೇ ಪುರಾವೆ. ಅವರು ಬರೆದುಕೊಟ್ಟದ್ದನ್ನು ಹೇಳಿದರು, ಜನ ನಕ್ಕರು, ಮುಂದಿನ ವಾರ ಅದನ್ನೇ ಬರೆದುಕೊಟ್ಟರು.

ಇನ್ನೊಂದು ಪಕ್ಷವೂ ಇದೆ, ಇಳಿಯಲು ಅದು ಏರಿದ್ದಾದರೂ ಯಾವಾಗ ಎಂದು ಕೇಳುವವರದು. ಧಾರಾವಾಹಿ ಹೊಸದಾಗಿದ್ದಾಗಲೇ, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಲಿಯರ್ ಕಚೇರಿಗೆ ನುಗ್ಗಿ, ಟಿವಿಯಲ್ಲಿ ಕಾಣುವ ಒಬ್ಬನೇ ಕಪ್ಪು ಅಪ್ಪ ಮೂರು ಕಡೆ ದುಡಿದರೂ ಕೊಳೆಗೇರಿ ಬಿಟ್ಟು ಏಳುವುದಿಲ್ಲವಲ್ಲ ಎಂದು ಜಗಳವಾಡಿದ ಪ್ರಸಂಗವನ್ನು ಲಿಯರ್ ಸ್ವತಃ ಹೇಳಿದ್ದಾರೆ. 1975ರ ಜನವರಿಯಲ್ಲಿ ಶುರುವಾದ, ಬಟ್ಟೆ ತೊಳೆಯುವ ಅಂಗಡಿಗಳಿಂದ ಶ್ರೀಮಂತನಾದ ಕಪ್ಪು ವ್ಯಾಪಾರಿಯ ‘ದ ಜೆಫರ್ಸನ್ಸ್’ಗೆ ಈ ಜಗಳವೂ ಒಂದು ಪ್ರೇರಣೆ. ಅದು 11 ಸೀಸನ್ ಓಡಿತು. ಒಂದೇ ಒಂದು ಮನೆ ತೋರಿಸಿದರೆ ಆ ಮನೆ ಇಡೀ ಜನಾಂಗದ ಭಾರ ಹೊರಬೇಕಾಗುತ್ತದೆ. ಬಿಳಿಯರ ಮನೆಗಳು ಹತ್ತಾರು ಇದ್ದವು; ಫಾಂಜಿ ಪೆದ್ದನಾದರೆ ಬಿಳಿಯರೆಲ್ಲ ಪೆದ್ದರು ಎಂದು ಯಾರಿಗೂ ಅನಿಸುವುದಿಲ್ಲ. ಜೆ.ಜೆ. ಹಲ್ಲು ಕಿರಿದರೆ ರೋಲ್‌ಗೆ ನಿದ್ದೆ ಬರುವುದಿಲ್ಲ. ಎರಡೂ ಕಡೆ ಬರವಣಿಗೆಯ ರೋಗ ಒಂದೇ, ನೋವು ಒಂದೇ ಅಲ್ಲ.

ನಾಲ್ಕನೇ ಸೀಸನ್ನಿನ ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ಲಾರಿಡಾ ಕಾರ್ಲ್ ಎಂಬವನನ್ನು ಮದುವೆಯಾಗಿ ಅರಿಜೋನಾಗೆ ಹೋಗುತ್ತಾಳೆ, ಐದನೇ ಸೀಸನ್ ಪೂರ್ತಿ ರೋಲ್ ಇಲ್ಲ. ಅಪ್ಪನೂ ಇಲ್ಲದ ಅಮ್ಮನೂ ಇಲ್ಲದ ಮನೆಯನ್ನು ಕುಟುಂಬದ ಧಾರಾವಾಹಿ ಎಂದು ನಡೆಸಿದರು. ಆರನೆಯದಕ್ಕೆ ಆಕೆ ಮರಳಿ ಬಂದರು; ಕಾರ್ಲ್ ಎಲ್ಲಿ ಹೋದ ಎಂದು ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಯ ಕಂತಿನಲ್ಲಿ ಆರು ವರ್ಷದ ಬಡತನಕ್ಕೆ ಅರ್ಧ ಗಂಟೆಯಲ್ಲಿ ಪರಿಹಾರ. ಜೆ.ಜೆ.ಯ ಕಾಮಿಕ್ಸ್ ಮಾರಾಟವಾಗುತ್ತದೆ, ತೆಲ್ಮಾಳ ಗಂಡನ ಮಂಡಿ ವಾಸಿಯಾಗಿ ಫುಟ್‌ಬಾಲ್ ಒಪ್ಪಂದ ಸಿಗುತ್ತದೆ, ಎಲ್ಲರೂ ಹೊಸ ಮನೆಗೆ ಹೊರಡುತ್ತಾರೆ.

‘ಗುಡ್ ಟೈಮ್ಸ್’ ಶುರುವಾಗಿ ಹದಿನೈದು ವರ್ಷ ಕಳೆದು ಇದೇ ಷಿಕಾಗೋದ ಇನ್ನೊಂದು ಕಪ್ಪು ಕುಟುಂಬಕ್ಕೆ ಇದೇ ಗತಿಯಾಯಿತು. 1989ರ ‘ಫ್ಯಾಮಿಲಿ ಮ್ಯಾಟರ್ಸ್’. ಅಪ್ಪ ಪೊಲೀಸ್, ಸಂಸಾರ ಮಧ್ಯಮ ವರ್ಗದ್ದು. ಒಂದೇ ಕಂತಿಗೆಂದು ಬಂದ ಸ್ಟೀವ್ ಅರ್ಕಲ್ ಎಂಬ ದಪ್ಪ ಕನ್ನಡಕದ, ಎದೆಯ ತನಕ ಪ್ಯಾಂಟ್ ಏರಿಸಿದ ಪಕ್ಕದ ಮನೆ ಹುಡುಗ ಪೂರ್ತಿ ಧಾರಾವಾಹಿಯನ್ನೇ ನುಂಗಿದ. ನಾಲ್ಕನೇ ಸೀಸನ್ ಕೊನೆಗೆ ಕುಟುಂಬದ ಚಿಕ್ಕ ಮಗಳು ಜೂಡಿ ಕಾಣೆ. ಸತ್ತಳೇ, ಊರು ಬಿಟ್ಟಳೇ, ಒಂದು ಮಾತಿಲ್ಲ. ನಮ್ಮಲ್ಲಿ ಕನಿಷ್ಠ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಒಂದು ಸಾಲು ಹಾಕುತ್ತಾರೆ. ಅರ್ಕಲ್ ರೂಪ ಬದಲಿಸುವ ಯಂತ್ರ ಕಟ್ಟಿದ, ಕೊನೆಗೆ ಬಾಹ್ಯಾಕಾಶಕ್ಕೂ ಹೋದ. ಅಮ್ಮನ ಪಾತ್ರಧಾರಿ ಜೋ ಮೇರಿ ಪೇಟನ್ ಒಂಬತ್ತನೇ ಸೀಸನ್ ನಡುವೆ ಎದ್ದು ನಡೆದರು. ಗಮನಿಸಿ, ಆ ಧಾರಾವಾಹಿ ಹುಟ್ಟಿದ್ದೇ ಆ ಅಮ್ಮನ ಪಾತ್ರದಿಂದ.

ಇಲ್ಲಿಯೂ ‘ಜೂಡಿ ಹೋದಾಗ ಕೆಟ್ಟಿತು’ ಎನ್ನುವವರು ಬಹಳ. ಆದರೆ ಅವಳು ಹೋದ ಮರು ಸೀಸನ್‌ನಲ್ಲೇ, 1994ರಲ್ಲಿ, ಮಗ ಎಡ್ಡಿಯನ್ನು ಬಿಳಿಯರ ಬಡಾವಣೆಯಲ್ಲಿ ಪೊಲೀಸರು ಅಡ್ಡಗಟ್ಟುವ ಕಂತು ಬಂತು. ಸ್ವತಃ ಪೊಲೀಸನಾದ ಅಪ್ಪ ಮೊದಲು ಮಗನನ್ನೇ ಅನುಮಾನಿಸುತ್ತಾನೆ. ಆಮೇಲೆ ಆ ಅಧಿಕಾರಿಯ ಎದುರು ಕೂತು ಮಾತಾಡಿದಾಗ ಸತ್ಯ ತಿಳಿಯುತ್ತದೆ. ಅಪ್ಪನ ಪಾತ್ರಧಾರಿ ರೆಜಿನಾಲ್ಡ್ ವೆಲ್‌ಜಾನ್ಸನ್ ಮುಖ ನೋಡಬೇಕು ಆಗ. ಒಂಬತ್ತು ವರ್ಷದಲ್ಲೇ ಒಳ್ಳೆಯ ಕಂತುಗಳಲ್ಲಿ ಒಂದು, ಅದೂ ‘ಕೆಟ್ಟ ಮೇಲೆ’.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಅರ್ಕಲ್ ಇಲ್ಲದಿದ್ದರೆ ಅದು ಎರಡನೇ ಸೀಸನ್ ಕಾಣುತ್ತಿತ್ತೇ ಸಾರ್? ಕಾಣುತ್ತಿರಲಿಲ್ಲವೇನೋ. ಜೆ.ಜೆ. ಇಲ್ಲದಿದ್ದರೆ ‘ಗುಡ್ ಟೈಮ್ಸ್’ ಏಳನೇ ಸ್ಥಾನ ನೋಡುತ್ತಿರಲಿಲ್ಲ ಎಂಬುದೂ ನಿಜ. ಕಾದದ್ದೂ ಕೆಡಿಸಿದ್ದೂ ಒಂದೇ ಪಾತ್ರ. ಪಾತ್ರವನ್ನು ಕಿತ್ತುಹಾಕಿ ಎಂದು ರೋಲ್ ಆಗಲಿ ಏಮೊಸ್ ಆಗಲಿ ಹೇಳಲಿಲ್ಲ. ಉಳಿದವರಿಗೂ ಬರೆಯಿರಿ ಎಂದರು.

ಇನ್ನೊಬ್ಬರು, ಬರೆಯಲು ಕಲಿಯುತ್ತಿರುವ ಹುಡುಗಿ, ನೇರವಾಗಿ ಕೇಳಿದಳು: ನಾವು ಎಲ್ಲಿವರೆಗೆ ನೋಡಬೇಕು? ಮೊದಲ ಎರಡು ಸೀಸನ್ ಪೂರ್ತಿ ನೋಡಿ, ಎರಡನೆಯದನ್ನು ನೋಡುವಾಗ ಜೇಮ್ಸ್‌ನ ಮಾತನ್ನು ಯಾರು, ಎಷ್ಟು ಸಲ ತುಂಡರಿಸುತ್ತಾರೆ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕಿಕೊಳ್ಳಿ. ಮೂರನೆಯದರಲ್ಲಿ ಆರಿಸಿ ನೋಡಿ. ನಾಲ್ಕರ ಮೊದಲ ಎರಡು ಕಂತು ಬಿಡಬೇಡಿ. ಆಮೇಲೆ ಐದನೇ ಸೀಸನ್ನಿನ ಆರಂಭಕ್ಕೆ ಬನ್ನಿ. ತಾಯಿಯಿಂದಲೇ ಹಿಂಸೆ ಅನುಭವಿಸುವ ಪೆನ್ನಿ ಎಂಬ ಮಗುವಿನ ಕಥೆ ನಾಲ್ಕು ಕಂತುಗಳಲ್ಲಿದೆ, ವಿಲೋನಾ ದತ್ತು ತೆಗೆದುಕೊಳ್ಳುವುದು ಆ ಮಗುವನ್ನೇ. ಪಾತ್ರ ಮಾಡಿದ್ದು ಆಗ ಹನ್ನೊಂದು ವರ್ಷದ ಜಾನೆಟ್ ಜಾಕ್ಸನ್. ಇಸ್ತ್ರಿಪೆಟ್ಟಿಗೆಯ ದೃಶ್ಯ ಬಂದಾಗ ಯಾವ ಸೀಸನ್ ನೋಡುತ್ತಿದ್ದೇವೆ ಎಂಬುದು ನಿಮಗೆ ಮರೆತುಹೋಗಿರುತ್ತದೆ.